ಚಿಗುರದ ನರ

ಬೆಳಿಗ್ಗೆ ಚಿಕ್ಕೋಡಿ ಬಸ್ ಸ್ಟ್ಯಾಂಡಿನಲ್ಲಿ ಭಜಿ ಕಟ್ಟಿಕೊಟ್ಟ ಪೇಪರಿನ ಮೇಲೆ, ಎಣ್ಣೆಯ ಕಲೆಯೊಳಗೆ, ಒಂದು ತಲೆಬರಹ ಕಂಡಿತು: ‘ಕಣ್ಣಿನ ನರ ಮತ್ತೆ ಚಿಗುರಿತು!’ ಕೊನೆಗೊಂದು ಉದ್ಗಾರ ಚಿಹ್ನೆ ಬೇರೆ. ನನಗೆ ಪಿತ್ತ ನೆತ್ತಿಗೇರಿತು. ನೀವೇನಾದರೂ ಪಕ್ಕದಲ್ಲಿ ಕೂತಿದ್ದರೆ, ಭಜಿಯ ಪೊಟ್ಟಣದ ಜೊತೆ ಜಗಳಕ್ಕೆ ನಿಂತ ಈ ವಿಜ್ಞಾನದ ಮಾಸ್ತರನನ್ನು ಕಂಡು ಎದ್ದು ಹೋಗುತ್ತಿದ್ದಿರಿ. ನನ್ನ ಸಿಟ್ಟೇ ಹಾಗೆ. ಮನೆಯಲ್ಲಿ ಯಾರೂ ಅದಕ್ಕೆ ಸೊಪ್ಪು ಹಾಕುವುದಿಲ್ಲ.

ಮಿರಜ್ ಕಡೆಯ ಅನಂತಪುರದಲ್ಲಿ ನಮ್ಮ ಅತ್ತಿ ಇದ್ದಾಳೆ, ಅಪ್ಪನ ಅಕ್ಕ. ದ್ರಾಕ್ಷಿ ತೋಟದ ಮನೆತನ. ಛಾಟಣಿಯ ದಿನಗಳಲ್ಲಿ ಆಳುಗಳು ಬಳ್ಳಿ ಕತ್ತರಿಸುತ್ತ ಮುಂದೆ ಹೋದರೆ, ಇವಳು ಹಿಂದಿನಿಂದ ಬಂದು, ತಪ್ಪಿದ ಕಡ್ಡಿಯನ್ನು ದೂರದಿಂದಲೇ ತೋರಿಸಿ ಬೈಯುತ್ತಿದ್ದಳು. ಅಂಥವಳ ಬಲಗಣ್ಣು ಸದ್ದಿಲ್ಲದೆ ಹೋಯಿತು. ಮಿರಜಿನ ಡಾಕ್ಟರು ಕಾಚಬಿಂದು, ಅಂದರೆ ಗ್ಲಾಕೋಮಾ, ಎಂದರು. ಕಣ್ಣಿನೊಳಗೆ ಒತ್ತಡ ಏರಿ, ಮಿದುಳಿಗೆ ಹೋಗುವ ನರ ಸಾಯುವ ರೋಗ.

“ಹೋದ ಕಣ್ಣ ಬರೂದಿಲ್ರಿ. ಎಡಗಣ್ಣರ ಉಳಸ್ಕೋರಿ. ಈ ಡ್ರಾಪ್ ದಿನಾ ಹಾಕ್ರಿ, ಬಿಡಬ್ಯಾಡ್ರಿ.”

ಡ್ರಾಪ್ ಉರಿಯುತ್ತಿತ್ತು. ಬೈಯುತ್ತಲೇ ಹಾಕಿಕೊಂಡಳು. ಕೆಲವು ವರ್ಷದ ಮೇಲೆ ಅವಳ ಗಂಡ, ನಮ್ಮ ಮಾಮಾ, ಸಾಂಗ್ಲಿಯಿಂದ ಬರುವ ಮರಾಠಿ ಪೇಪರಿನಲ್ಲಿ ಇಂಥದೇ ಒಂದು ತಲೆಬರಹ ಓದಿದರು.

ಸುದ್ದಿ ಸುಳ್ಳಲ್ಲ, ಸಂಕಟವೇ ಅದು. ನಾವು ತಾಯಿಯ ಹೊಟ್ಟೆಯಲ್ಲಿದ್ದಾಗ ಕಣ್ಣಿನಿಂದ ಮಿದುಳಿನವರೆಗೆ ನರದ ಎಳೆ ಬೆಳೆಸುವ ಜೀನುಗಳು ಚುರುಕಾಗಿರುತ್ತವೆ. ಕೆಲಸ ಮುಗಿದ ಮೇಲೆ ದೇಹವೇ ಅವನ್ನು ಸುಮ್ಮನಾಗಿಸುತ್ತದೆ. ಮೀನಿನ ನರ ಕಡಿದರೆ ಆ ಜೀನುಗಳು ಮತ್ತೆ ಏಳುತ್ತವೆ, ನಮ್ಮಲ್ಲಿ ಏಳುವುದಿಲ್ಲ. ಮೀನಿಗಿರುವ ಭಾಗ್ಯ ನಮ್ಮ ಅತ್ತಿಯ ಕಣ್ಣಿಗೆ ಯಾಕಿಲ್ಲ ಎಂದು ಪಾಠದ ನಡುವೆಯೇ ಸಿಟ್ಟಿಗೆದ್ದಿದ್ದೇನೆ. ಮಕ್ಕಳು ಪಾಪ, ತಾವೇನು ಮಾಡಿದೆವೆಂದು ಮುಖ ಮುಖ ನೋಡಿಕೊಳ್ಳುತ್ತಾರೆ. ವಿಜ್ಞಾನಿಗಳು ಇಲಿಗಳಲ್ಲಿ, ಬೆಳವಣಿಗೆಗೆ ತಡೆ ಹಾಕುವ ಒಂದು ಜೀನನ್ನು ತೆಗೆದು ನೋಡಿದ್ದರು. ಎಳೆಗಳು ಒಂದಿಷ್ಟು ಬೆಳೆದಿದ್ದವು. ಅಷ್ಟೇ. ಇಲಿಯ ಹೆಸರು ಬಂದದ್ದು ಸುದ್ದಿಯ ಕೊನೆಯ ಸಾಲಿನಲ್ಲಿ.

ಮಾಮಾ ಅಲ್ಲಿಯವರೆಗೆ ಓದಲೇ ಇಲ್ಲ. ವರ್ಷ ವರ್ಷವೂ ಬಳ್ಳಿಯನ್ನು ಬೋಳು ಮಾಡಿ, ಕೆಲವೇ ದಿನಗಳಲ್ಲಿ ಹಸಿರು ನೋಡುವವರಿಗೆ ‘ಚಿಗುರಿತು’ ಎಂಬ ಒಂದು ಮಾತು ಸಾಕಾಗಿತ್ತು. ನಾನು ದೀಪಾವಳಿಗೆ ಹೋದಾಗ ಡ್ರಾಪಿನ ಬಾಟಲಿ ಮೂಲೆ ಸೇರಿತ್ತು.

“ಯಾಕ ಬಿಟ್ಟಿ, ಅತ್ತಿ?”

“ಉರೀತೈತಿ ಲೇ. ನಿಮ್ಮ ಮಾಮಾ ಅಂದಾರ, ನರಾ ಚಿಗೀತೈತಂತ. ಮತ್ಯಾಕ ಸುಮ್ಮ ಉರಿಸ್ಕೊಳ್ಳೂದು?”

ಮಾಮಾ ಪೇಪರನ್ನೇ ತಂದು ಹಿಡಿದರು. “ಛಾಟಣಿ ಮಾಡಿದ ಬಳ್ಳಿ ಚಿಗಿಯೂದಿಲ್ಲೇನ? ಇದೂ ಹಂಗ. ಔಷಧ ಮಿರಜಿಗೆ ಬರ್ತೈತಿ, ತಡಿ.”

ಕೂಗಾಡಿದೆ. ಮರುದಿನವೇ ಮಿರಜಿಗೆ ಕರೆದೊಯ್ದೆ. ತಡವಾಗಿತ್ತು. ಮುಂದಿನ ಛಾಟಣಿಯ ಹೊತ್ತಿಗೆ ಎಡಗಣ್ಣೂ ಹೋಗಿ, ಅತ್ತಿ ತೋಟಕ್ಕೆ ಹೋಗುವುದನ್ನೇ ಬಿಟ್ಟಳು. ಬಳ್ಳಿಗಳು ಮಾತ್ರ ಎಂದಿನಂತೆ ಚಿಗುರಿದವು. ಅವುಗಳ ಮೇಲೂ ನನಗೆ ಸಿಟ್ಟು ಬಂತು. ಮಾಮಾನಿಗೆ ಈಗ ಬೈಯಲಾರೆ. ದಿನವೂ ಅವಳ ಕೈಹಿಡಿದು ಅಂಗಳಕ್ಕೆ ಕರೆತರುವವರು ಅವರೇ. ನನ್ನ ಸಿಟ್ಟೆಲ್ಲ ಆ ತಲೆಬರಹ ಬರೆದವನ ಮೇಲೆ. ಇಲಿಯನ್ನು ಕೊನೆಯ ಸಾಲಿಗೆ ತಳ್ಳಿ ಅವನು ನಿರಾಳವಾಗಿ ಚಹಾ ಕುಡಿದಿರಬೇಕು. ಯಾರೆಂದು ಗೊತ್ತಿದ್ದರೆ ಅನಂತಪುರಕ್ಕೆ ಎಳೆತಂದು ಅತ್ತಿಯ ಎದುರು ಕೂರಿಸುತ್ತಿದ್ದೆ.

ಕಾಚಬಿಂದು ಮನೆತನದಲ್ಲಿ ಬರುವ ರೋಗ. ಹೋದ ವರ್ಷ ನನ್ನ ಕಣ್ಣಿನ ಒತ್ತಡವೂ ಏರಿದೆ ಎಂದು ಗೊತ್ತಾಯಿತು. ಅತ್ತಿಯ ಕಿವಿಗೆ ಹಾಕಬಾರದೆಂದಿದ್ದೆ, ಹೆಂಡತಿ ಹೇಳಿಬಿಟ್ಟಳು. ಅಂದಿನಿಂದ ಸಂಜೆಯಾದರೆ ಅನಂತಪುರದ ಫೋನು. ಇವತ್ತೂ ಬಂತು.

“ಡ್ರಾಪ್ ಹಾಕ್ಕೊಂಡಿ?”

“ಹಾಕ್ಕೊಂಡೆ, ಅತ್ತಿ.”

“ಉರೀತೇನ?”

“ಉರೀತು.”

“ಉರೀಲಿ,” ಎಂದು ಗದರಿದಳು. “ನಾಳೆನೂ ಹಾಕ್ಕೋ. ನಾಡದ್ದೂ ಹಾಕ್ಕೋ.”