ಬೀಗರ ಪ್ರವರ

ನನ್ನ ಮಗಳು ಸಿಂಧುವಿನ ಧಾರೆಯ ಮಂಟಪದಲ್ಲಿ ಎಂಬತ್ತು ದಾಟಿದ ಅಮೆರಿಕದ ಅಜ್ಜಿಯೊಬ್ಬರು ಪ್ರವರ ಹೇಳಿದರು. ಹೂಸ್ಟನ್ ಪಕ್ಕದ ಈ ಶುಗರ್ ಲ್ಯಾಂಡಿಗೆ ಬಂದ ಮೇಲೆ ಎಲ್ಲವನ್ನೂ ನೋಡಿಯಾಯಿತು ಎಂದುಕೊಂಡಿದ್ದೆ, ಇದೊಂದು ಬಾಕಿಯಿತ್ತು.

ಪುರೋಹಿತರು ವರನ ಗೋತ್ರ ಕೇಳಿ, ಉತ್ತರವನ್ನೂ ತಾವೇ ಕೊಟ್ಟರು. "ಗೊತ್ತಿಲ್ದೇ ಇದ್ರೆ ಕಾಶ್ಯಪ ಅಂದ್ಬಿಡ್ತೀನಿ ಅಮ್ಮ. ಇಲ್ಲಿ ಹಾಗೇ ಅಡ್ಜಸ್ಟ್ ಮಾಡ್ಕೋತೀವಿ."

ಸಿಂಧು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ವರನ ಅಜ್ಜಿ ಮಾರ್ಗರೆಟ್ ಕೋಲು ಊರಿಕೊಂಡು ಎದ್ದರು. ನಮ್ಮ ವಂಶ ನಮಗೆ ಗೊತ್ತು ಎಂದು, ಶತಮಾನಗಳ ಹಿಂದೆ ಇಂಗ್ಲೆಂಡಿನಿಂದ ಹಡಗಿನಲ್ಲಿ ಬಂದ ನೇಕಾರ ಥಾಮಸ್‌ನಿಂದ ಹಿಡಿದು ನನ್ನ ಅಳಿಯನವರೆಗೆ ಎಲ್ಲರ ಹೆಸರನ್ನೂ ತಡವರಿಸದೆ ಹೇಳಿದರು. ಪ್ರತಿ ಗಂಡಸಿನ ಜೊತೆ ಅವನ ಹೆಂಡತಿಯ ಹೆಸರೂ ಇತ್ತು. ನಮ್ಮ ಯಜಮಾನರೋ ಸ್ವಂತ ಮುತ್ತಾತನ ಹೆಸರು ಮರೆತು, ಬೆಳಿಗ್ಗೆ ಮೈಸೂರಿಗೆ ಫೋನ್ ಮಾಡಿ ಕೇಳಿಕೊಂಡಿದ್ದರು!

ನಗು ಬಂದರೂ ಒಳಗೆ ಸಂಕಟವಿತ್ತು. ಈ ಮದುವೆಯೊಂದಿಗೆ ಮೈಸೂರು ಸಿಂಧುವಿನ ಕೈತಪ್ಪಿಹೋಗುತ್ತದೆ, ಇನ್ನು ಅದು ಬರೀ ಅಮ್ಮನ ಊರಾಗಿ ಉಳಿಯುತ್ತದೆ ಎಂಬ ಭಯ ತಿಂಗಳುಗಳಿಂದ ನನ್ನನ್ನು ಕಾಡುತ್ತಿತ್ತು.

ಊಟಕ್ಕೆ ಮಾರ್ಗರೆಟ್ ಪಕ್ಕ ಕುಳಿತೆ. ಚಿತ್ರಾನ್ನವನ್ನು ಫೋರ್ಕಿನಲ್ಲಿ ತಿನ್ನುತ್ತಾ ಅವರು ಥಾಮಸ್‌ನ ಸಂಸಾರದ ಕಥೆ ಹೇಳಿದರು. ತಂದ ಗೋಧಿ ಬೀಜ ಆ ಮಣ್ಣಿಗೆ ಒಗ್ಗಲಿಲ್ಲ. ಅಲ್ಲಿನ ಮೂಲನಿವಾಸಿಗಳಿಂದ ಕಲಿತು ಮೆಕ್ಕೆಜೋಳ ಬೆಳೆದರು. ಅವರ ನೆಲವನ್ನೇ ಆಮೇಲೆ ತಮ್ಮದೆಂದರು. ಮೊದಲ ಚಳಿಗಾಲದಲ್ಲೇ ಥಾಮಸ್‌ನ ಹೆಂಡತಿ ಆನ್ ಒಂದು ಕೂಸನ್ನು ಮಣ್ಣು ಮಾಡಿದಳು. ಪಕ್ಕದ ಸ್ಟಾಫರ್ಡ್‌ನ ಅಂಗಡಿಗೆ ಹೋದರೆ ಮೈಸೂರಿನ ವೀಳ್ಯದೆಲೆಯೇ ಸಿಗುವಾಗ, ನನ್ನದನ್ನೂ ವಲಸೆ ಎನ್ನಲು ನಾಚಿದೆ.

"ಆನ್ ಮತ್ತೆ ತನ್ನೂರಿಗೆ ಹೋದಳಾ?" ಎಂದು ಕೇಳಿದೆ.

"ಎಲ್ಲಿ ಹೋಗ್ತಾಳೆ? ಆದರೆ ಸಾಯೋವರೆಗೂ ಅವಳ ಬಾಯಲ್ಲಿ ಮನೆ ಅಂದ್ರೆ ಇಂಗ್ಲೆಂಡೇ."

"ಮಕ್ಕಳ ಬಾಯಲ್ಲಿ?"

"ಅವರೂ ಹಾಗೇ ಅಂತಿದ್ರಂತೆ. ಇಂಗ್ಲೆಂಡನ್ನ ನೋಡೇ ಇರ್ಲಿಲ್ಲ. ಅಮ್ಮನಿಗೆ ಬೇಜಾರಾಗಬಾರದಲ್ಲ, ಅದಕ್ಕೆ."

ಅಷ್ಟರಲ್ಲಿ ಸಿಂಧು ಗಂಡನೊಂದಿಗೆ ಬಂದು ನನ್ನ ಭುಜ ಹಿಡಿದಳು. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲೇ ಉತ್ತರ ಕೊಡುವವಳು ಅಂದು ಮೆಲ್ಲಗೆ, ಪದ ಹುಡುಕಿಕೊಂಡು ಹೇಳಿದಳು:

"ಅಮ್ಮ, ಡಿಸೆಂಬರ್‌ನಲ್ಲಿ ಇವನನ್ನ ನಮ್ಮೂರಿಗೆ ಕರ್ಕೊಂಡ್ ಹೋಗ್ಬೇಕು."

ಹೂಸ್ಟನ್ನಿನಲ್ಲಿ ಹುಟ್ಟಿದವಳು. ಯಾರಿಗಾಗಿ 'ನಮ್ಮೂರು' ಎಂದಳೆಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ, "ಡಿಸೆಂಬರ್ ತನಕ ಯಾಕೆ ಕಾಯೋದು? ದಸರಾಕ್ಕೇ ಹೋಗೋಣ" ಎಂದೆ.