ಚಿವುಟದ ಮೊಗ್ಗು

ಟೈಲರಮ್ಮನಿಗೆ ಹೊಟ್ಟೆಕಿಚ್ಚು ಜಾಸ್ತಿ ಎಂದು ಯಾರಾದರೂ ಅಂದುಬಿಟ್ಟರೆ ಮುಗಿಯಿತು, ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟು ಜಗಳಕ್ಕೇ ನಿಲ್ಲುತ್ತಾಳೆ. “ನನಗ್ಯಾಕ್ರೀ ಹೊಟ್ಟೆಕಿಚ್ಚು? ನನಗೇನು ಕಡಿಮೆ ಆಗಿದೆ?” ಅನ್ನುತ್ತಾಳೆ. ಕಡಿಮೆಯೇನೂ ಆಗಿರಲಿಲ್ಲ, ನಿಜ. ಪರದೇಶಕ್ಕೆ ಬಂದು ಹನ್ನೊಂದು ವರ್ಷ. ಲಿಫ್ಟ್ ರಿಪೇರಿ ಮಾಡುವ ಗಂಡ, ಮೂರನೆಯ ಮಹಡಿಯಲ್ಲಿ ಎರಡು ಕೋಣೆಯ ಮನೆ, ಕೈತುಂಬ ಕೆಲಸ. ಓರಗಿತ್ತಿ ಬರುವ ತನಕ ಎಲ್ಲವೂ ನೆಟ್ಟಗೇ ಇತ್ತು.

ಅವಳು ಕೆಲಸ ಮಾಡುವ ಅಂಗಡಿ ನೆಲಮಾಳಿಗೆಯಲ್ಲಿತ್ತು. ಹಳೇ ಬಟ್ಟೆ ತಿದ್ದುವ ಅಂಗಡಿ: ಪ್ಯಾಂಟು ಗಿಡ್ಡ ಮಾಡುವುದು, ಕೋಟಿಗೆ ಹೊಸ ಜಿಪ್ ಹಾಕುವುದು, ದಪ್ಪಗಾದವರ ಸೊಂಟ ಬಿಚ್ಚಿ ಹೊಲಿಯುವುದು. ಕಿಟಕಿ ರಸ್ತೆಯ ಮಟ್ಟಕ್ಕಿದ್ದುದರಿಂದ ಕೂತಲ್ಲಿಂದ ಕಾಣುವುದು ಹೋಗಿಬರುವವರ ಕಾಲು ಮಾತ್ರ. ಅಲ್ಲಿಯ ಭಾಷೆ ಅವಳಿಗೆ ಬರುತ್ತಿದ್ದುದು ಅಷ್ಟಕ್ಕಷ್ಟೇ: ಉದ್ದ, ಗಿಡ್ಡ, ಬಿಗಿ, ಸಡಿಲ, ನಾಳೆ ಬನ್ನಿ. ಯಾರಾದರೂ ನಿಧಾನವಾಗಿ ಮಾತಾಡಿದರೆ ಅರ್ಥವಾಗುತ್ತಿತ್ತು, ತಿರುಗಿ ಹೇಳಲು ನಾಲಿಗೆ ಏಳುತ್ತಿರಲಿಲ್ಲ. ದಿನವಿಡೀ ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡಿರುವವಳಿಗೆ ಅದಕ್ಕಿಂತ ಹೆಚ್ಚು ಭಾಷೆ ಯಾಕೆ ಬೇಕು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು.

ಆರು ವರ್ಷದ ಹಿಂದೆ ಮೈದುನ ತನ್ನ ಹೆಂಡತಿಯನ್ನು ಕರೆದುಕೊಂಡು ಬಂದ. ಅದೇ ಕಟ್ಟಡ, ಅಂಗಳದ ಆಚೆ ಬದಿ, ಅದೇ ಮೂರನೆಯ ಮಹಡಿ. ಈ ಅಡುಗೆಮನೆಯ ಕಿಟಕಿಗೆ ಆ ಅಡುಗೆಮನೆಯ ಕಿಟಕಿ ಎದುರುಬದುರು. ಬಂದವಳಿಗೆ ಊರು ತೋರಿಸಿದ್ದು, ಬಸ್ಸು ಹತ್ತಿಸಿದ್ದು, ಆಸ್ಪತ್ರೆಯ ಲಾಂಡ್ರಿಯಲ್ಲಿ ಚಾದರ ಮಡಿಸುವ ಕೆಲಸ ಕೊಡಿಸಿದ್ದು ಎಲ್ಲ ಟೈಲರಮ್ಮನೇ. ಆರೇ ತಿಂಗಳು! ಚಾದರ ಮಡಿಸುವವಳು ಅಲ್ಲಿಯವರ ಹಾಗೇ ಅವರ ಭಾಷೆಯಲ್ಲಿ ಹರಟೆ ಹೊಡೆಯತೊಡಗಿದಳು. ಒಂದು ವರ್ಷಕ್ಕೆ ಸೈಕಲ್ ಕಲಿತಳು. ಟೈಲರಮ್ಮನ ಗಂಡನಿಗೇ ಆಫೀಸಿನಿಂದ ಕಾಗದ ಬಂದರೆ “ತಡಿ, ಅವಳಿಗೆ ತೋರಿಸ್ಕೊಂಡು ಬರ್ತೀನಿ” ಎಂದು ಅಂಗಳ ದಾಟುತ್ತಿದ್ದ. ಊರಿನಿಂದ ಅತ್ತೆ ಫೋನು ಮಾಡಿದರೂ ಮೊದಲು ಕೇಳುವುದು “ಚಿಕ್ಕವಳು ಹೇಗಿದ್ದಾಳೆ?” ಎಂದೇ. ದೊಡ್ಡವಳು ಬದುಕಿದ್ದಾಳೋ ಸತ್ತಿದ್ದಾಳೋ, ಯಾರಿಗೆ ಬೇಕು?

ಉಳಿದದ್ದು ಸೇವಂತಿಗೆ ಒಂದೇ. ಅದರ ವಿಷಯದಲ್ಲಿ ಮಾತ್ರ ಟೈಲರಮ್ಮನ ಕೈಗುಣ ದೊಡ್ಡದು ಎಂದು ಇಡೀ ಕಟ್ಟಡಕ್ಕೇ ಗೊತ್ತಿತ್ತು. ತಪ್ಪು ಹೊಲಿಗೆ ಎಳೆದು ಬಿಚ್ಚಲೆಂದು ಬಲಗೈ ಹೆಬ್ಬೆರಳಿನ ಉಗುರನ್ನು ಅವಳು ಉದ್ದ ಬಿಟ್ಟಿದ್ದಳು. ಅದೇ ಉಗುರಿನಿಂದ ಗಿಡದ ಪಕ್ಕದ ಮೊಗ್ಗುಗಳನ್ನೆಲ್ಲ ಎಳೆಯದರಲ್ಲೇ ಚಿವುಟಿ, ಒಂದೇ ಕಾಂಡ, ತುದಿಗೆ ಒಂದೇ ಮೊಗ್ಗು ಉಳಿಸುತ್ತಿದ್ದಳು. ಗಿಡದ ಸತ್ವವೆಲ್ಲ ಆ ಒಂದಕ್ಕೇ ಹೋಗಿ ಊಟದ ಬಟ್ಟಲಿನಷ್ಟು ದೊಡ್ಡ ಹೂ ಅರಳುತ್ತಿತ್ತು. ನಗರದ ದೊಡ್ಡ ತೋಟದಲ್ಲಿ ವರ್ಷಕ್ಕೊಮ್ಮೆ ಹೂವಿನ ಪ್ರದರ್ಶನ. ಮನೆಯಲ್ಲಿ ಬೆಳೆಸಿದವರೂ ಒಂದೊಂದು ಕುಂಡ ಕೊಡಬಹುದು, ಚೆನ್ನಾಗಿದ್ದರೆ ಗಾಜಿನ ಮನೆಯಲ್ಲಿ ಇಡುತ್ತಾರೆ. ಈ ವರ್ಷ ತನ್ನದನ್ನು ಕೊಡಲೇಬೇಕೆಂದು ಅವಳು ಚಳಿಗಾಲದಲ್ಲೇ ತೀರ್ಮಾನಿಸಿದ್ದಳು. ಒಂದೇ ಒಂದು ಸಲ ಗಂಡನ ಮನೆಯವರೆಲ್ಲ ತನ್ನ ಕಡೆ ಕತ್ತೆತ್ತಿ ನೋಡಬೇಕು, ಅಷ್ಟೇ ಆಸೆ.

ಚಳಿ ಕಳೆದ ಮೇಲೆ ಓರಗಿತ್ತಿ ಬಂದಳು. “ಅಕ್ಕಾ, ನನಗೂ ಒಂದು ಕಡ್ಡಿ ಕೊಡ್ರಕ್ಕಾ. ಹೇಗೆ ಬೆಳೆಸೋದು ಹೇಳಿಕೊಡಿ.”

ಟೈಲರಮ್ಮನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಭಾಷೆ ಆಯಿತು, ಸೈಕಲ್ ಆಯಿತು, ಇನ್ನು ಇದೂ ಬೇಕಾ ಇವಳಿಗೆ? ಕೊಡುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದು ಒಳ್ಳೆಯ ಕಡ್ಡಿಯನ್ನೇ ಮುರಿದು ಕೊಟ್ಟಳು. ಕೊಟ್ಟು, ಮುಖ ತಿರುಗಿಸಿ ಹೇಳಿದಳು:

“ನೀರು ಹಾಕು, ಬಿಸಿಲಿಗಿಡು. ಆದ್ರೆ ಒಂದು ಮೊಗ್ಗನ್ನೂ ಮುಟ್ಟಬೇಡ. ಉಗುರು ತಾಗಿದ್ರೆ ಗಿಡ ಮುನಿಸಿಕೊಳ್ಳುತ್ತೆ.”

“ಹೌದಾ ಅಕ್ಕಾ! ಆಯ್ತು, ಮುಟ್ಟಲ್ಲ,” ಎಂದು ಅವಳು ಕಡ್ಡಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು.

ಬೇಸಿಗೆ ಕಳೆಯುವಷ್ಟರಲ್ಲಿ ಎದುರು ಕಿಟಕಿಯ ಗಿಡದ ಅವಸ್ಥೆ ನೋಡಬೇಕಿತ್ತು. ಹತ್ತಾರು ಸಣಕಲು ಕಾಂಡ, ಮೈತುಂಬ ಮೊಗ್ಗು, ನಿಲ್ಲಲು ತ್ರಾಣವಿಲ್ಲದೆ ಕುಂಡದ ಅಂಚಿನಿಂದ ಕೆಳಕ್ಕೆ ಜೋತುಬಿದ್ದಿತ್ತು, ಬಾಚಣಿಗೆ ಕಾಣದ ತಲೆಯ ಹಾಗೆ. ಟೈಲರಮ್ಮ ಪಾತ್ರೆ ತೊಳೆಯುತ್ತ ಅದನ್ನು ನೋಡಿ ಒಳಗೊಳಗೇ ನಕ್ಕಳು. ಆಮೇಲೆ ತನ್ನ ಗಿಡವನ್ನು ಕಿಟಕಿಯ ಬೆಳಕಿಗೆಳೆದುಕೊಂಡು, ಹೊಸದಾಗಿ ಮೂಡಿದ್ದ ಎರಡು ಪಕ್ಕದ ಮೊಗ್ಗುಗಳನ್ನು ಚಟ್ ಚಟ್ಟೆಂದು ಚಿವುಟಿದಳು. ಅಪರೂಪಕ್ಕೆ ಆ ದಿನ ಒಂದು ಹಾಡನ್ನೂ ಗುನುಗಿದಳಂತೆ, ಗಂಡ ಹೇಳುತ್ತಾನೆ.

ಕುಂಡ ಒಪ್ಪಿಸಿದ್ದು ಗುರುವಾರ. ಎಲ್ಲಿಟ್ಟಿದ್ದಾರೆ ಎಂದು ತಿಳಿಯುವುದು ಭಾನುವಾರ ಹೋಗಿ ನೋಡಿದಾಗಲೇ. ಭಾನುವಾರ ಗಂಡಂದಿರಿಬ್ಬರಿಗೂ ಡ್ಯೂಟಿ ಇತ್ತು, ಓರಗಿತ್ತಿಯರಿಬ್ಬರೇ ಹೊರಟರು. ಟೈಲರಮ್ಮ ತಾನೇ ಹೊಲಿದುಕೊಂಡ ಹೊಸ ಕೋಟು ಹಾಕಿಕೊಂಡಿದ್ದಳು. ಬಸ್ಸಿನಲ್ಲಿ ಕೂತ ಮೇಲೆ ಓರಗಿತ್ತಿ ಮೆಲ್ಲಗೆ ಅಂದಳು, “ಅಕ್ಕಾ, ನಾನೂ ಕೊಟ್ಟಿದ್ದೀನಿ. ಸುಮ್ಮನೆ.”

“ಯಾವುದನ್ನ? ಆ ಜೋತಾಡೋದನ್ನಾ?”

“ಹೂಂ. ತಗೊಂಡ್ರು. ಯಾಕೋ ಗೊತ್ತಿಲ್ಲ.”

ಪಾಪ, ಮುಖದ ಮೇಲೆ ಬೇಡ ಅನ್ನಲಾರದೆ ತಗೊಂಡಿರುತ್ತಾರೆ ಎಂದುಕೊಂಡಳು ಟೈಲರಮ್ಮ. ಮನಸ್ಸಿಗೆ ಎಷ್ಟು ಹಾಯೆನಿಸಿತೆಂದರೆ, ಓರಗಿತ್ತಿಯ ಟಿಕೆಟನ್ನೂ ತಾನೇ ತೆಗೆದಳು.

ಗಾಜಿನ ಮನೆಯ ಬಾಗಿಲಲ್ಲೇ ಜನ ಗುಂಪುಗೂಡಿದ್ದರು. ಎಲ್ಲರೂ ಕತ್ತೆತ್ತಿ ಮೇಲಕ್ಕೆ ನೋಡುತ್ತಿದ್ದರು. ಟೈಲರಮ್ಮನೂ ನೋಡಿದಳು. ಬಾಗಿಲಿನ ಕಮಾನಿಗೆ ಒಂದು ಕುಂಡ ತೂಗುಹಾಕಿದ್ದರು. ನೆಲದ ಮೇಲೆ ನಿಲ್ಲಲಾರದ ಗಿಡ, ಇನ್ನೇನು ಮಾಡಿಯಾರು, ಮೇಲೆ ಕಟ್ಟಿದ್ದಾರೆ. ಅಲ್ಲಿಂದ ಹಳದಿ ಹೂವುಗಳು, ಗುಂಡಿಯಷ್ಟು ಸಣ್ಣವು, ನೂರೋ ಇನ್ನೂರೋ, ಆಳೆತ್ತರ ಕೆಳಗಿಳಿದಿದ್ದವು. ಒಳಗೆ ಹೋಗುವವರೆಲ್ಲ ಅದರ ಕೆಳಗೇ ತಲೆ ಬಗ್ಗಿಸಿಕೊಂಡು ಹೋಗಬೇಕಿತ್ತು. ಫೋಟೋ ತೆಗೆಯುವವರು ತೆಗೆಯುತ್ತಲೇ ಇದ್ದರು.

“ಅಯ್ಯೋ ಅಕ್ಕಾ! ನಮ್ಮದು!” ಎಂದು ಓರಗಿತ್ತಿ ಅವಳ ಕೈ ಹಿಡಿದು ಕುಣಿದೇಬಿಟ್ಟಳು.

ನಮ್ಮದಂತೆ, ನಮ್ಮದು! ಟೈಲರಮ್ಮ ಕೈ ಬಿಡಿಸಿಕೊಂಡು ಒಳಗೆ ನಡೆದಳು. ಅವಳ ಕುಂಡ ಎಡಬದಿಯ ಮೂರನೆಯ ಸಾಲಿನಲ್ಲಿತ್ತು. ಹೂವಿಗೆ ಒಂದು ಕುಂದು ಹೇಳುವಂತಿರಲಿಲ್ಲ, ದುಂಡಗೆ, ತುಂಬಿಕೊಂಡು, ನೇರವಾಗಿ ನಿಂತಿತ್ತು. ಆದರೆ ಅದರ ಆಚೆಗೊಂದು ಹಾಗೇ ಇತ್ತು, ಈಚೆಗೊಂದು ಹಾಗೇ ಇತ್ತು. ಸಾಲಿಗೆ ಮೂವತ್ತು, ಮೂರು ಸಾಲು. ಈ ನಗರದಲ್ಲಿ ಸೇವಂತಿಗೆ ಬೆಳೆಸುವ ಎಲ್ಲರಿಗೂ ಮೊಗ್ಗು ಚಿವುಟುವ ಗುಟ್ಟು ಗೊತ್ತಿತ್ತು. ಗೊತ್ತಿಲ್ಲದವಳು ಒಬ್ಬಳೇ, ಅವಳದು ಬಾಗಿಲಲ್ಲಿ ತೂಗುತ್ತಿತ್ತು. ತನ್ನದೇ ಗಿಡದ ಕಡ್ಡಿ! ತಾನೇ ಮುರಿದು ಕೊಟ್ಟದ್ದು! ಟೈಲರಮ್ಮನಿಗೆ ಮೈಯೆಲ್ಲ ಪರಚಿಕೊಳ್ಳುವಂತಾಯಿತು.

ಹೊರಗೆ ಬಂದು ನೋಡಿದರೆ ಕಮಾನಿನ ಪಕ್ಕದಲ್ಲೊಂದು ಚೀಟಿ. ಬೆಳೆಸಿದ ರೀತಿಯನ್ನು ಪ್ರತಿಯೊಬ್ಬರೂ ಬರೆದುಕೊಡಬೇಕಿತ್ತು. ಟೈಲರಮ್ಮ ತನ್ನದರಲ್ಲಿ ‘ಬಿಸಿಲು, ನೀರು’ ಎಂದಷ್ಟೇ ಬರೆದಿದ್ದಳು. ಇದರಲ್ಲಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: ‘ನಮ್ಮಕ್ಕ ಹೇಳಿಕೊಟ್ಟ ಹಾಗೆ. ಒಂದು ಮೊಗ್ಗನ್ನೂ ಮುಟ್ಟಲಿಲ್ಲ.’

ಅಷ್ಟರಲ್ಲಿ ತೋಟದ ಹಿರಿಯ ಮಾಲಿ ಬಂದ. ಮಂಡಿಯವರೆಗೆ ಮಣ್ಣಾದ ಬೂಟು, ಜೇಬಿನಲ್ಲಿ ದಾರದ ಉಂಡೆ. ಓರಗಿತ್ತಿ ಅವನಿಗೆ ತಮ್ಮಿಬ್ಬರ ಪರಿಚಯ ಹೇಳಿ, ಇವರೇ ನಮ್ಮಕ್ಕ ಎಂದಳು. ಮಾಲಿ ಖುಷಿಯಿಂದ ತಲೆದೂಗಿದ. ನಿಮ್ಮದು ಯಾವುದು ಎಂದು ಕೇಳಿ, ಒಳಗೆ ಬಂದು, ಟೈಲರಮ್ಮನ ಕುಂಡದ ಮುಂದೆ ಕುಕ್ಕರಗಾಲಿನಲ್ಲಿ ಕೂತ. ಕಾಂಡದ ಮೇಲೆ ಬೆರಳಾಡಿಸಿದ. ಪಕ್ಕದ ಮೊಗ್ಗು ತೆಗೆದ ಜಾಗಗಳನ್ನು ಒಂದೊಂದಾಗಿ ಮುಟ್ಟಿ ನೋಡಿದ. ಆಮೇಲೆ ಅವಳ ಹೆಬ್ಬೆರಳಿನ ಉಗುರು ನೋಡಿದ. ಎದ್ದು ನಿಂತು ನಿಧಾನವಾಗಿ ಏನೋ ಕೇಳಿದ.

ಕೇಳಿದ್ದು ಅವಳಿಗೆ ಪೂರ್ತಿ ಅರ್ಥವಾಯಿತು. ಆದರೂ ಅರ್ಥವಾಗದವಳಂತೆ ಓರಗಿತ್ತಿಯ ಮುಖ ನೋಡಿದಳು. ಯಾವಾಗಲೂ ತನ್ನ ಪರವಾಗಿ ಮಾತಾಡುತ್ತಿದ್ದವಳು ಅವಳೇ ತಾನೇ.

ಓರಗಿತ್ತಿ ಕನ್ನಡದಲ್ಲಿ ಹೇಳಿದಳು, “ಅಕ್ಕಾ, ಇವರು ಕೇಳ್ತಿದ್ದಾರೆ... ನಿಮ್ಮದರಲ್ಲಿ ಮೊಗ್ಗು ಇಷ್ಟು ಚೆನ್ನಾಗಿ ಚಿವುಟಿದ್ದೀರಿ, ನನಗೆ ಮಾತ್ರ ಯಾಕೆ ಮುಟ್ಟಬೇಡ ಅಂದ್ರಿ, ಅಂತ.”

ಗುಂಡುಸೂಜಿ ಇಲ್ಲದೆಯೂ ಟೈಲರಮ್ಮನಿಗೆ ತುಟಿ ಬಿಚ್ಚಲಾಗಲಿಲ್ಲ. ಮಾಲಿ ಕಾಯುತ್ತಿದ್ದ.

ಓರಗಿತ್ತಿ ಬಹಳ ಹೊತ್ತು ಕಾಯಲಿಲ್ಲ. ಮಾಲಿಯ ಕಡೆ ತಿರುಗಿ ತಾನೇ ಸರಸರನೆ ಏನೇನೋ ಹೇಳಿದಳು, ಕೈ ಆಡಿಸಿದಳು, ನಕ್ಕಳು. ಮಾಲಿಯೂ ಗಹಗಹಿಸಿ ನಕ್ಕು, ಟೈಲರಮ್ಮನ ಕೈ ಕುಲುಕಿ ಹೋದ.

“ಏನಂದೆ ಅವನಿಗೆ?”

“ಎರಡೂ ಒಂದೇ ಥರ ಬೆಳೆಸಿದ್ರೆ ಮನೇಲಿ ಜಗಳ ಆಗುತ್ತೆ, ಅದಕ್ಕೆ ನಮ್ಮಕ್ಕ ಬೇಕಂತಲೇ ಬೇರೆ ಥರ ಹೇಳಿಕೊಟ್ರು ಅಂದೆ.”

ವಾಪಸ್ ಬಸ್ಸಿನಲ್ಲಿ ಕೂತ ಮೇಲೆ ಟೈಲರಮ್ಮ ಕಿಟಕಿಯ ಕಡೆ ಮುಖ ಮಾಡಿ ಕೇಳಿದಳು, “ನಿನಗೆ ಯಾವಾಗ ಗೊತ್ತಾಯ್ತು?”

“ಬೇಸಿಗೇಲೇ. ನೀವು ಕಿಟಕೀಲಿ ನಿಂತು ಚಿವುಟ್ತಿದ್ದದ್ದು ಕಾಣಿಸ್ತು.”

“ಮತ್ತೆ ನೀನ್ಯಾಕೆ ಚಿವುಟಲಿಲ್ಲ? ಆಗಿನ್ನೂ ಟೈಮಿತ್ತಲ್ಲ?”

ಓರಗಿತ್ತಿ ಮಡಿಲಲ್ಲಿದ್ದ ಚೀಲದ ಹಿಡಿಯನ್ನು ಸುತ್ತಿದಳು, ಬಿಚ್ಚಿದಳು. “ನೀವು ಬೇಡ ಅಂದಿದ್ರಲ್ಲ ಅಕ್ಕಾ.”

ಒಂದು ಮಾತು ಬೈದಿದ್ದರೆ ಚೆನ್ನಾಗಿತ್ತು. ಸುಳ್ಳುಗಾತಿ ಎಂದಿದ್ದರೆ ತಿರುಗಿ ಹತ್ತು ಮಾತಾಡಿ ಮನಸ್ಸು ಹಗುರ ಮಾಡಿಕೊಳ್ಳಬಹುದಿತ್ತು. ಟೈಲರಮ್ಮ ಎರಡು ಸ್ಟಾಪ್ ದಾಟುವವರೆಗೂ ಉಗುರು ಕಚ್ಚುತ್ತ ಕೂತಳು. ಕೊನೆಗೆ ಸೋತವರಷ್ಟೇ ಆಡಬಹುದಾದ ದೊಡ್ಡ ದನಿಯಲ್ಲಿ ಅಂದಳು:

“ಈ ಸಲ ಚಳಿ ಕಳೀಲಿ, ಮನೆಗೆ ಬಾ. ಹೇಗೆ ಚಿವುಟಬೇಕು, ಎಲ್ಲಿ ಚಿವುಟಬೇಕು, ಎಲ್ಲಾ ಸರಿಯಾಗಿ ತೋರಿಸ್ತೀನಿ.”

ಓರಗಿತ್ತಿ ಅವಳ ಕೋಟಿನ ತೋಳಿನ ಮೇಲೆ ಬಿದ್ದಿದ್ದ ಒಂದು ಹಳದಿ ಎಸಳನ್ನು ತೆಗೆದು ಹಾಕಿದಳು.

“ಬೇಡ ಅಕ್ಕಾ,” ಅಂದಳು. “ಅದು ನಿಮ್ಮದೇ ಇರಲಿ.”