ಅದೇ ಎಂಜಿನ್ನಿನ ಮೇಲೆ ಕೊಪ್ಪಳಕ್ಕೆ

ಬೆಳಿಗ್ಗೆ ಆರೂಕಾಲಿಗೆ ಮಂಗಳೂರು ಬಿಟ್ಟೆವು. ಕಡಲಿರುವ ಮಂಗಳೂರಲ್ಲ, ಯಲಬುರ್ಗಾ ಸೀಮೆಯ ಎರೆಹೊಲದ ನಮ್ಮ ಮಂಗಳೂರು. ಗಾಡಿ ನನ್ನ ಅಜ್ಜ ಕೊಂಡಿದ್ದ ಪಿಕಪ್. ಮುಂದೆ ಇಬ್ಬರು ಕೂಡುವಷ್ಟು ಜಾಗ, ಹಿಂದೆ ಚೀಲ ಹೇರುವ ತೆರೆದ ತೊಟ್ಟಿ, ಬಾನೆಟ್ಟಿನ ಕೆಳಗೆ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಅದು ನನಗಿಂತ ಹನ್ನೊಂದು ವರ್ಷ ದೊಡ್ಡದು. ಕಾರ್ಖಾನೆಯಲ್ಲಿ ಕೂಡಿಸಿದ ಎಂಜಿನ್ನೇ ಇಂದಿಗೂ ಅದರಲ್ಲಿದೆ. ಅಜ್ಜ ತೀರಿಕೊಳ್ಳುವ ಮೊದಲು ಗಾಡಿಯನ್ನು ನನ್ನ ಹೆಸರಿಗೆ ಮಾಡಿಸಿದ್ದ. ಮನೆಯಲ್ಲಿ ಯಾರಿಗೂ ಇದು ಸರಿಬರಲಿಲ್ಲ. ನಾನು ಯಾರ ಒಪ್ಪಿಗೆಯನ್ನೂ ಕೇಳಲಿಲ್ಲ.

ಹಳೆಯ ಗಾಡಿಗಳ ನೋಂದಣಿಯನ್ನು ಐದು ವರ್ಷಕ್ಕೊಮ್ಮೆ ಹೊಸದು ಮಾಡಿಸಬೇಕು. ಮರುದಿನ ಕೊಪ್ಪಳದ ಸಾರಿಗೆ ಕಚೇರಿಯಲ್ಲಿ ಅದರ ತಪಾಸಣೆ, ನಮ್ಮ ಕಡೆಯ ಮಾತಿನಲ್ಲಿ ಪಾಸಿಂಗ್, ಇತ್ತು. ನನ್ನ ಕಾಕಾ ಹಿಂದಿನ ವಾರವೇ ಅಂಗಳದಲ್ಲಿ ನಿಂತು ಹೇಳಿದ್ದ: "ಪಾಸಾಗಿ ಬಂದ್ರ ನಾ ಮತ್ತ ಬಾಯಿ ತೆಗ್ಯಂಗಿಲ್ಲ. ಆಗಲಿಲ್ಲಂದ್ರ ಇದರೊಳಗ ಡೀಸೆಲ್ ಎಂಜಿನ್ ಕುಂದ್ರಸೂದು, ಇಲ್ಲಾ ಗುಜರಿಯವ್ನಿಗಿ ಕೊಡೂದು. ಒಪ್ಪಿಗೇನು?" ನಾನು "ಹೂಂ" ಎಂದೆ.

ನನ್ನ ಪಕ್ಕದಲ್ಲಿ ಕೂತಿದ್ದವಳು ಅವನ ಹೆಂಡತಿ, ನನ್ನ ಚಿಗವ್ವ ಗಿರಿಜವ್ವ. ಹೆಣ್ಣುಮಗಳು ಒಬ್ಬಳೇ ಹೋಗಬಾರದೆಂದು ಕಾಕಾ ಕಳಿಸಿದ್ದ. ತೊಡೆಯ ಮೇಲೆ ರೊಟ್ಟಿಯ ಗಂಟು, ಕೈಯಲ್ಲಿ ಫೋನು. ಯಲಬುರ್ಗಾದಲ್ಲಿ ಚಹಕ್ಕೆ ನಿಂತಾಗಲೇ ಅದು ರಿಂಗಾಯಿತು. ಆ ಕಡೆ ಕಾಕಾ.

"ಹಾಂ, ನಡದೈತಿ. ಇಲ್ಲ, ಹೊಗಿ ಬಂದಿಲ್ಲ. ಬಂದ್ರ ಹೇಳ್ತೀನಿ ಇಡ್ರಿ." ಫೋನು ಸೆರಗಿನಲ್ಲಿ ಸುತ್ತಿ ನನ್ನ ಕಡೆ ತಿರುಗಿದಳು. "ಗಂಟಿಗೊಮ್ಮಿ ಸುದ್ದಿ ಕೊಡು ಅಂದಾರವಾ. ನಾ ಏನ್ ಗಾಡಿ ತಿಳದಾಕಿ? ಇದು ಕೆಮ್ಮಿದ್ರೂ ಹಾಡಿದ್ರೂ ನನಗ ಒಂದ."

ಕೊಪ್ಪಳಕ್ಕೆ ನಮ್ಮೂರಿಂದ ನೇರ ರಸ್ತೆಯಿದೆ. ಆದರೆ ಪೆಟ್ರೋಲ್ ಎಳೆಯುವ ಪಂಪು ದುರ್ಬಲವಾಗಿತ್ತು. ಅದೇ ಮಾದರಿಯ ಪಂಪು ತಾವರಗೇರಾದ ಒಬ್ಬ ಅಂಗಡಿಕಾರರ ಹತ್ತಿರ ಇದೆಯೆಂದು ತಿಳಿದಿತ್ತು. ಅದನ್ನು ಕೂಡಿಸಬಲ್ಲ ಮೇಸ್ತ್ರಿ ಗಂಗಾವತಿಯಲ್ಲಿದ್ದರು. ಹಾಗಾಗಿ ಕುಷ್ಟಗಿ, ತಾವರಗೇರಾ, ಕನಕಗಿರಿ ಮಾರ್ಗವಾಗಿ ಗಂಗಾವತಿ ಮುಟ್ಟಿ, ಅಲ್ಲಿಂದ ಕೊಪ್ಪಳಕ್ಕೆ ಸುತ್ತಿ ಬರುವುದೆಂದು ಗೊತ್ತು ಮಾಡಿದ್ದೆ.

ಕುಷ್ಟಗಿಯಲ್ಲಿ ಎರಡು ಸಾವಿರ ರೂಪಾಯಿಯ ಪೆಟ್ರೋಲ್ ಹಾಕಿಸಿದೆ. ಬಂಕಿನವನು ಕೇಳದೆಯೇ ಡೀಸೆಲ್ಲಿನ ಪೈಪು ಎತ್ತಿಕೊಂಡು ಬಂದಿದ್ದ. ಟ್ಯಾಂಕಿನ ಬಾಯಿಗೆ ಅಂಗೈ ಅಡ್ಡ ಹಿಡಿದು ನಿಂತೆ.

"ಪೆಟ್ರೋಲಾ? ಈ ವಯಸ್ಸಿನ ಗಾಡಿ ಎಲ್ಲಾ ಡೀಸೆಲ್ ಮಾಡ್ಸ್ಯಾರಲ್ರಿ ಅಕ್ಕಾರ," ಎಂದ.

"ಇದು ಮಾಡ್ಸಿಲ್ರಿ," ಎಂದೆ.

ತಾವರಗೇರಾಕ್ಕೆ ಐದಾರು ಕಿಲೋಮೀಟರ್ ಇರುವಾಗ ಗಾಡಿ ಎರಡು ಸಲ ಮುಗ್ಗರಿಸಿ ನಿಂತಿತು. ಹನ್ನೊಂದರ ಬಿಸಿಲು. ಎಡಕ್ಕೆ ತೊಗರಿ, ಬಲಕ್ಕೆ ಸಜ್ಜೆ, ನೆರಳಿಗೆ ಒಂದು ಜಾಲಿ ಗಿಡ. ಬಾನೆಟ್ ಎತ್ತಿ ಪಂಪು ಮುಟ್ಟಿದರೆ ಕೈ ಸುಟ್ಟಿತು. ಬಿಸಿಗೆ ಪೆಟ್ರೋಲ್ ಆವಿಯಾಗಿ ಕೊಳವೆಯಲ್ಲಿ ಸಿಕ್ಕಿಕೊಂಡಿತ್ತು. ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು, ಬೇರೆ ಔಷಧ ಇಲ್ಲ. ರೊಟ್ಟಿ ಕಟ್ಟಿದ್ದ ಬಿಳಿ ಅರಿವೆಯನ್ನು ಚಿಗವ್ವ ಬಿಚ್ಚಿಕೊಟ್ಟಳು. ಬೈಕಿನ ಮೇಲೆ ಬಂದ ಇಬ್ಬರು ಗಾಡಿ ನಿಧಾನಿಸಿದರು.

"ಎತ್ತು ತರೂಣೇನಬೇ? ನೊಗಾ ಕಟ್ಟಿ ಎಳಿಸಿಬಿಡ್ರಿ," ಎಂದ ಒಬ್ಬ.

"ಎತ್ತು ಯಾಕಪಾ, ನೀವಿಬ್ಬರ ಅದೀರಲ್ಲ!" ಎಂದಳು ಚಿಗವ್ವ. ಅವರು ನಗುತ್ತ ಹೋದರು. ಆಗ ಮತ್ತೆ ಫೋನು ರಿಂಗಾಯಿತು. ಚಿಗವ್ವ ನನ್ನನ್ನು ನೋಡಿದಳು, ಒದ್ದೆ ಬಟ್ಟೆ ಸುತ್ತಿಕೊಂಡ ಪಂಪನ್ನು ನೋಡಿದಳು. "ರೊಟ್ಟಿ ಉಣ್ಣಾಕ ನಿಂತೀವ್ರಿ," ಎಂದು ಇಟ್ಟುಬಿಟ್ಟಳು. ಅದು ಸುಳ್ಳೂ ಅಲ್ಲ. ಕಾಯುವ ಹೊತ್ತಿನಲ್ಲಿ ಸಜ್ಜೆ ರೊಟ್ಟಿ, ಗುರೆಳ್ಳು ಚಟ್ನಿ, ಮೊಸರು ಉಂಡೆವು. ಇಪ್ಪತ್ತೈದು ನಿಮಿಷಕ್ಕೆ ಎಂಜಿನ್ ಹಿಡಿಯಿತು.

ತಾವರಗೇರಾದ ಅಂಗಡಿಕಾರರು ನಮ್ಮನ್ನು ಹಿತ್ತಲಿಗೆ ಕರೆದೊಯ್ದರು. ನಮ್ಮದರಂಥದೇ ಗಾಡಿಯೊಂದು ಅಲ್ಲಿ ಇಟ್ಟಿಗೆಗಳ ಮೇಲೆ ನಿಂತಿತ್ತು. ಕ್ಯಾಬಿನ್ನಿನಲ್ಲಿ ಕೋಳಿ ಕಾವಿಗೆ ಕೂತಿತ್ತು.

"ಡೀಸೆಲ್ ಕುಂದ್ರಸಿದ್ವಿರಿ. ಓಡಾಕೇನ ಛಲೋ ಓಡ್ತು. ಕಾಗದದಾಗ ಒಂದ್ ನಂಬರ್, ಎಂಜಿನ್ ಮ್ಯಾಲೆ ಒಂದ್ ನಂಬರ್. ಪಾಸಿಂಗಿಗೆ ಹೋದ ದಿನ ಕುಂತಿದ್ದು, ಇನ್ನೂ ಎದ್ದಿಲ್ಲ," ಎಂದರು. ಹಳೆಯ ಎಂಜಿನ್ನಿನ ಪಂಪನ್ನು ಗೋಣಿಚೀಲದಿಂದ ತೆಗೆದು ಮುನ್ನೂರು ರೂಪಾಯಿಗೆ ಕೊಟ್ಟರು. ಚಿಗವ್ವ ಗಾಡಿಯೊಳಗಿನ ಕೋಳಿಯನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದಳು.

ಕನಕಗಿರಿ ದಾಟಿದ ಮೇಲೆ ಗಾಳಿ ಬದಲಾಯಿತು. ಕಾಲುವೆಯ ನೀರು, ಹಸಿರು ಭತ್ತ, ರಸ್ತೆಯಂಚಿಗೆ ಬೆಳ್ಳಕ್ಕಿಗಳು. ಸಂಜೆ ಐದಕ್ಕೆ ಗಂಗಾವತಿ ಮುಟ್ಟಿ, ಚಿಗವ್ವನ ತಂಗಿಯ ಮನೆಯಲ್ಲಿ ಉಳಿದೆವು.

ಮರುದಿನ ಏಳಕ್ಕೆ ಮೇಸ್ತ್ರಿ ಮೌಲಾಸಾಬರು ಅಕ್ಕಿ ಗಿರಣಿಯ ಹಿಂದಿನ ತಮ್ಮ ಶೆಡ್ಡು ತೆರೆದರು. ಬಾನೆಟ್ ಎತ್ತಿದವರೇ ಹುಬ್ಬೇರಿಸಿದರು. ಎಂಜಿನ್ನಿಗೆ ಹೊಳೆಯುವ ಬೆಳ್ಳಿ ಬಣ್ಣ ಹಚ್ಚಿದ್ದೆ. ನಮ್ಮ ಕಡೆ ಪಾಸಿಂಗಿಗೆ ಹೋಗುವ ಗಾಡಿಗೆ ಬಣ್ಣ ಹಚ್ಚದೆ ಯಾರೂ ಒಯ್ಯುವುದಿಲ್ಲ. ಎರಡು ಕೋಟು, ನನ್ನ ಕೈಯಿಂದಲೇ.

"ಮದಿಮಗಳ ಮಾಡೀಯಲ್ಲವಾ ಇದನ್ನ! ಮಾರಿ ಕಾಣವಲ್ದು," ಎಂದರು. ನಾನು ಅದನ್ನು ಹೊಗಳಿಕೆಯೆಂದೇ ತಿಳಿದೆ. ಒಂದು ತಾಸಿನಲ್ಲಿ ಪಂಪು ಕೂಡಿಸಿ, ಕೂಲಿ ನಾನೂರು ತೆಗೆದುಕೊಂಡರು. ಕೊಪ್ಪಳದ ತನಕ ಗಾಡಿ ಎಲ್ಲಿಯೂ ನಿಲ್ಲಲಿಲ್ಲ.

ಹನ್ನೊಂದೂವರೆಗೆ ತಪಾಸಣೆಯ ಅಧಿಕಾರಿ ಬಂದರು. ಕಡಿಮೆ ಮಾತಿನವರು. ಬ್ರೇಕು, ದೀಪ, ಹೊಗೆಯ ಚೀಟಿ, ಚಾಸಿಯ ಮೇಲಿನ ನಂಬರು, ಎಲ್ಲ ಸರಿ ಇದ್ದವು. ಕೊನೆಗೆ ಎಂಜಿನ್ನಿನ ನಂಬರು. ಅದನ್ನು ಕೆತ್ತಿದ ಜಾಗಕ್ಕೆ ತೆಳುವಾದ ಕಾಗದ ಒತ್ತಿ, ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುತ್ತಾರೆ. ಅವರು ಉಜ್ಜಿದರು. ಕಾಗದ ಬರೀ ಬೂದು ಬಣ್ಣವಾಯಿತು, ಒಂದು ಅಂಕಿಯೂ ಮೂಡಲಿಲ್ಲ.

"ನಂಬರ್ ಎಲ್ಲೈತ್ರಿ ಮೇಡಂ?"

ನನ್ನ ತಪ್ಪು ಆ ಕ್ಷಣಕ್ಕೆ ತಿಳಿಯಿತು. ಪ್ರತಿ ಮಹಾನವಮಿಯ ಪೂಜೆಗೆ ಅಜ್ಜ ಕುಸುಬಿ ಎಣ್ಣೆಯಲ್ಲಿ ಕುಂಕುಮ ಕಲಸಿ ಸರಿಯಾಗಿ ಆ ಜಾಗಕ್ಕೇ ಹಚ್ಚುತ್ತಿದ್ದ. ಅದು ಎಂಜಿನ್ನಿನ ಹಣೆ ಎನ್ನುತ್ತಿದ್ದ. ವರ್ಷದ ಮೇಲೆ ವರ್ಷ ಅದು ಒಣಗಿ ಅರಗಿನ ಹಾಗೆ ಗಟ್ಟಿಯಾಗಿತ್ತು. ಹಿಂದಿನ ತಪಾಸಣೆಗಳಲ್ಲಿ ಅಚ್ಚು ತೆಗೆಯದೆ ಕಾಗದ ನೋಡಿಯೇ ಸಹಿ ಮಾಡಿದ್ದರು. ಬಣ್ಣ ಹಚ್ಚುವಾಗ ಅಜ್ಜನ ಕುಂಕುಮ ಕೆರೆಯಲು ಮನಸ್ಸಾಗದೆ ಮೇಲೆಯೇ ಬಳಿದಿದ್ದೆ. ರಸಾಯನಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿದವಳು ನಾನು.

"ನಾಲ್ಕರ ತನಕ ಇರ್ತೀನಿ. ಕಾಣಿಸಿದ್ರ ಸರಿ. ಇಲ್ಲಂದ್ರ ಎಂಜಿನ್ ನಂಬರ್ ಇಲ್ಲ ಅಂತ ಬರೀಬೇಕಾಗ್ತದ," ಎಂದು ಅಧಿಕಾರಿ ಮುಂದಿನ ಗಾಡಿಗೆ ಹೋದರು.

ಗೇಟಿನ ಹೊರಗೆ ನಿಲ್ಲಿಸಿಕೊಂಡೆ. ಚಹದಂಗಡಿಯಲ್ಲಿದ್ದ ಒಬ್ಬ ಏಜೆಂಟ್ ತಾನಾಗಿ ಬಂದ. "ಯಾಕ್ ತಲಿ ಕೆಡಿಸ್ಕೊಂತೀರಿ ಮೇಡಂ? ಪಾಲಿಶ್ ಪೇಪರ್ ಹಚ್ಚಿ ನುಣ್ಣಗ ಮಾಡಿ, ಕಾಗದದಾಗಿನ ನಂಬರ್ ಹೊಸದಾಗಿ ಹೊಡದ್ರಾತು. ಹತ್ತ ನಿಮಿಷದ ಕೆಲಸ. ನಂಬರ್ ಹೊಡಿಯೂ ಪಂಚ್ ನನ್ನ ಕಡಿ ಅದಾವು."

"ಬ್ಯಾಡ್ರಿ."

ಚಿಗವ್ವನ ಫೋನಿನಲ್ಲಿ ಕಾಕಾ. ಏಜೆಂಟ್ ಅಂದದ್ದನ್ನು ಅವಳು ಆಗಲೇ ಹೇಳಿದ್ದಳು. ಅವಳು ಸ್ಪೀಕರ್ ಹಾಕಿ ನನ್ನ ಮುಂದೆ ಹಿಡಿದಳು. "ಹೊಡಿಸಿಬಿಡಬೇ! ನಂಬರ್ ಇಲ್ಲಂತ ಬರದ್ರ ಡೀಸೆಲ್ ಕುಂದ್ರಸಾಕೂ ಬರಂಗಿಲ್ಲ. ನಂಬರ್ ಅದ ಇರತೈತಿ, ಯಾರಿಗಿ ಗೊತ್ತಾಗತೈತಿ?"

"ನನಗ ಗೊತ್ತಾಗತೈತಿ ಕಾಕಾ," ಎಂದೆ. "ಅಸಲ ಎಂಜಿನ್ನಿಗೆ ನಕಲಿ ನಂಬರ್ ಹೊಡಿಸಂಗಿಲ್ಲ. ಗುಜರಿಗೆ ಹೋದ್ರ ಇದ್ದ ನಂಬರ್ ಮ್ಯಾಲೇ ಹೋಗಲಿ."

ಬಣ್ಣದಂಗಡಿಯಲ್ಲಿ ಥಿನ್ನರ್ ಕೊಂಡೆ. ಬೆಳ್ಳಿ ಬಣ್ಣ ಅರ್ಧ ತಾಸಿನಲ್ಲಿ ಎದ್ದಿತು. ಕೆಳಗಿನ ಕೆಂಪು ಪದರ ಅಲುಗಲಿಲ್ಲ. ಒಣಗಿದ ಕುಸುಬಿ ಎಣ್ಣೆ ಥಿನ್ನರಿಗೆ ಬಗ್ಗುವುದಿಲ್ಲ, ಕ್ಷಾರಕ್ಕೆ ಬಗ್ಗುತ್ತದೆ. ಕಿರಾಣಿ ಅಂಗಡಿಯಿಂದ ಬಟ್ಟೆ ಒಗೆಯುವ ಸೋಡಾ, ಚಹದಂಗಡಿಯಿಂದ ಕುದಿನೀರು ತಂದೆ. ರೊಟ್ಟಿಯ ಅರಿವೆಯನ್ನು ಅದರಲ್ಲಿ ನೆನೆಸಿ ಆ ಜಾಗಕ್ಕೆ ಪಟ್ಟಿ ಕಟ್ಟಿದೆ. ಆರಿದಾಗ ಮತ್ತೆ ನೆನೆಸಿದೆ. ಕೆತ್ತನೆಗೆ ಗೀರು ಬೀಳದಿರಲೆಂದು ಕಬ್ಬಿಣದ ಯಾವ ವಸ್ತುವನ್ನೂ ಅದರ ಹತ್ತಿರ ಒಯ್ಯಲಿಲ್ಲ. ಎರಡು ಗಂಟೆಯಾಯಿತು, ಎರಡೂವರೆಯಾಯಿತು. ಏಜೆಂಟ್ ದೂರದಿಂದ ತನ್ನ ಗಡಿಯಾರ ತಟ್ಟಿ ತೋರಿಸುತ್ತಿದ್ದ.

ಅರಿವೆ ಕೆಂಪಾಗತೊಡಗಿದಾಗ ಚಿಗವ್ವ "ಮಾವಾರು ಹಚ್ಚಿದ ಕುಂಕುಮವಾ," ಎಂದಳು. ಆಮೇಲೆ ಸೆರಗು ಸಿಕ್ಕಿಸಿ, ಕಡ್ಡಿಪೆಟ್ಟಿಗೆಯಿಂದ ಒಂದು ಕಡ್ಡಿ ತೆಗೆದಳು. "ಸರಿ ಆಚಿ. ಇದು ನನ್ನ ಕೆಲಸ." ಅಕ್ಕಿಯಲ್ಲಿ ಹರಳು ಆರಿಸುವವಳ ನಿಧಾನದಲ್ಲಿ ಒಂದೊಂದು ಗೀರನ್ನೂ ಬಿಡಿಸಿದಳು. ಮೊದಲು ಏಳರ ಅಂಕಿ ಕಂಡಿತು. ನಂತರ ಎರಡು ಸೊನ್ನೆ. ಬಣ್ಣ ಎದ್ದ ಸುತ್ತಲಿನ ಕಬ್ಬಿಣವೆಲ್ಲ ತುಕ್ಕಿನಿಂದ ಹುಳ ತಿಂದ ಹಾಗಿತ್ತು. ಆ ಮೂರು ಬೆರಳಗಲದಲ್ಲಿ ಮಾತ್ರ ಒಂದು ಚುಕ್ಕೆ ತುಕ್ಕೂ ಇರಲಿಲ್ಲ. ಅಷ್ಟು ವರ್ಷದ ಎಣ್ಣೆ ಅದನ್ನು ಗಾಳಿ ನೀರು ಮುಟ್ಟದಂತೆ ಕಾದಿತ್ತು.

ಮೂರೂ ನಲವತ್ತಕ್ಕೆ ಅಧಿಕಾರಿ ಮತ್ತೆ ಕಾಗದ ಒತ್ತಿದರು. ಅಂಕಿಗಳು ಸಾಲಾಗಿ ಎದ್ದವು. ನೋಂದಣಿ ಕಾಗದದ ಜೊತೆ ಎರಡು ಸಲ ಹೋಲಿಸಿ ನೋಡಿದರು. ಬೆರಳಿನಿಂದ ನಂಬರನ್ನು ಸವರಿದರು.

"ಇಷ್ಟು ಹಳೇ ಗಾಡಿದು ಕಾರ್ಖಾನಿ ಕೆತ್ತನಿ ಇಷ್ಟು ಸ್ವಚ್ಛ ನಾ ನೋಡಿಲ್ಲ," ಎಂದು ಸಹಿ ಮಾಡಿದರು. ಒಂದು ಅಚ್ಚನ್ನು ನಾನು ನನ್ನ ನೋಟ್‌ಬುಕ್ಕಿಗೂ ತೆಗೆದುಕೊಂಡೆ.

ಕುಕನೂರಿನ ದಾರಿಯಾಗಿ ಊರು ಸೇರುವಾಗ ಹೊತ್ತು ಮುಳುಗಲು ಇನ್ನೂ ಸ್ವಲ್ಪ ಇತ್ತು. ದಾರಿಯಲ್ಲಿ ಫೋನು ಮೂರು ಸಲ ರಿಂಗಾಯಿತು. ಚಿಗವ್ವ ಒಮ್ಮೆಯೂ ಎತ್ತಲಿಲ್ಲ. ಅಂಗಳದಲ್ಲಿ ನಿಂತಿದ್ದ ಕಾಕಾನ ಎದುರು ಇಳಿದು, "ಪಾಸಾತು. ಇನ್ನ ಬಾಯಿ ತೆಗಿಬ್ಯಾಡ್ರಿ," ಎಂದು ಒಳಗೆ ಹೋದಳು.

ಕಾಕಾ ಕೊಟ್ಟ ಮಾತಿಗೆ ನಿಂತ, ಆದರೆ ಪೂರ್ತಿ ಅಲ್ಲ. ಬಾನೆಟ್ ಎತ್ತಿ, ಬೆಳ್ಳಿ ಬಣ್ಣದ ನಡುವೆ ಬರಿದಾಗಿ ಉಳಿದ ಆ ಜಾಗವನ್ನು ನೋಡಿದ. "ಇಲ್ಲಿಷ್ಟು ಬಣ್ಣ ಹಚ್ಚೇನು? ತುಕ್ಕ ಹಿಡದೀತು," ಎಂದ.

"ಬ್ಯಾಡ. ಮಹಾನವಮಿಗಿ ಕುಂಕುಮ ಹಚ್ತೀನಿ, ಕುಸುಬಿ ಎಣ್ಣ್ಯಾಗ."

"ಮತ್ತ ಐದ ವರ್ಷಕ್ಕ?"

"ಮತ್ತ ಸೋಡಾ ಹಾಕಿ ತೊಳೀತೀನಿ. ಮತ್ತ ಇದ ಎಂಜಿನ್ ಮ್ಯಾಲೇ ಕೊಪ್ಪಳಕ್ಕ ಹೊಕ್ಕೀನಿ."

ಬಾನೆಟ್ ಮುಚ್ಚಿದೆ. ಗಾಡಿಯನ್ನು ಛಾವಣಿಯ ಕೆಳಗೆ ನಿಲ್ಲಿಸಬೇಕಿತ್ತು. ಕಾಕಾ ತಳ್ಳಲೆಂದು ಅಭ್ಯಾಸಬಲದಿಂದ ಹಿಂದೆ ಹೋಗಿ ತೊಟ್ಟಿಗೆ ಕೈ ಕೊಟ್ಟ. "ಕೈ ತೆಗಿ ಕಾಕಾ," ಎಂದು ಕೀಲಿ ತಿರುಗಿಸಿದೆ. ಮೊದಲ ಸಲಕ್ಕೇ ಹಿಡಿಯಿತು.